‘ಅರಬ್ ಬುದ್ಧಿ’ ಎಂಬುದೊಂದು ಇದೆಯೇ?

ಮೊರಾಕ್ಕೊದ ತತ್ವಶಾಸ್ತ್ರ ಪ್ರಾಧ್ಯಾಪಕ ಮುಹಮ್ಮದ್ ಆಬಿದ್ ಅಲ್-ಜಾಬಿರಿ 1984ರಲ್ಲಿ ಒಂದು ಪುಸ್ತಕ ತಂದರು. ಹೆಸರು ‘ತಕ್ವೀನ್ ಅಲ್-ಅಕ್ಲ್ ಅಲ್-ಅರಬಿ’, ಅರಬ್ ಬುದ್ಧಿ ರೂಪುಗೊಂಡ ಬಗೆ. ಅದಕ್ಕೆ ಮನಸೋತವರಲ್ಲಿ ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದ ಜಾರ್ಜ್ ತರಾಬಿಷಿಯೂ ಒಬ್ಬರು. ಫ್ರಾಯ್ಡ್, ಹೆಗೆಲ್, ಸಾರ್ತ್ರ್ ಮುಂತಾದವರನ್ನು ಅರಬ್ಬಿಗೆ ತಂದ ದೊಡ್ಡ ಅನುವಾದಕರು ಅವರು. ಪುಸ್ತಕವನ್ನು ಬಾಯಿತುಂಬ ಹೊಗಳಿದರು. ಆಮೇಲೆ ಒಂದು ಉಲ್ಲೇಖ ಅವರನ್ನು ಕಾಡತೊಡಗಿತು. ಹತ್ತನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ‘ಇಖ್ವಾನ್ ಅಸ್-ಸಫಾ’ ಎಂಬ ಪಂಡಿತರ ಬಳಗ ತರ್ಕವನ್ನು ದೂರವಿಟ್ಟಿತ್ತು ಎಂದು ಜಾಬಿರಿ ಬರೆದಿದ್ದರು. ತರಾಬಿಷಿ ಆ ಬಳಗದ ಮೂಲ ಗ್ರಂಥವನ್ನೇ ಎತ್ತಿಕೊಂಡು ನೋಡಿದರು. ಅಲ್ಲಿ ತರ್ಕಶಾಸ್ತ್ರಕ್ಕೆ ಮೀಸಲಾದ ಅಧ್ಯಾಯಗಳೇ ಇದ್ದವು.

ಅಲ್ಲಿಂದ ಶುರುವಾದ ಕೆಲಸ ಸುಮಾರು ಕಾಲು ಶತಮಾನ ನಡೆಯಿತು. ಜಾಬಿರಿ ಯಾವ ಯಾವ ಗ್ರಂಥಗಳನ್ನು ಆಧಾರವಾಗಿ ತೋರಿಸಿದ್ದರೋ ಅವನ್ನೆಲ್ಲ ತರಾಬಿಷಿ ಹುಡುಕಿ ಓದಿದರು. 1996ರಲ್ಲಿ ಮೊದಲ ಸಂಪುಟ ಬಂತು, ಐದನೆಯದು 2010ರಲ್ಲಿ. ಸರಣಿಯ ಹೆಸರು ‘ಅರಬ್ ಬುದ್ಧಿಯ ವಿಮರ್ಶೆಯ ವಿಮರ್ಶೆ’. ಪುಸ್ತಕ ವಿಮರ್ಶೆ ಎಂದರೆ ಎರಡು ಪುಟದ ಬರಹ ಎಂದುಕೊಂಡವರು ಬೆಚ್ಚಬೇಕು.

ಹೊರಗಿನಿಂದ ನೋಡಿದರೆ ಇದು ಇಬ್ಬರು ವಿದ್ವಾಂಸರ ಹಟದಂತೆ ಕಾಣುತ್ತದೆ. ಒಳಗಿದ್ದ ಪ್ರಶ್ನೆ ಮಾತ್ರ ದೊಡ್ಡದು. ಒಂದು ಜನಕ್ಕೆ, ಒಂದು ಧರ್ಮಕ್ಕೆ, ಒಂದು ಸಂಸ್ಕೃತಿಗೆ ಎಂದೂ ಬದಲಾಗದ ತಿರುಳೊಂದು ಇದೆಯೇ? ಆ ಜನ ಗೆದ್ದರೂ ಸೋತರೂ ಅದೇ ತಿರುಳು ಕಾರಣವೇ? ಇದೆ ಎಂದು ನಂಬುವುದನ್ನು ತತ್ವಶಾಸ್ತ್ರದಲ್ಲಿ ಸಾರವಾದ ಎನ್ನಬಹುದು. ಕಳೆದ ಅರವತ್ತು ವರ್ಷಗಳ ಅರಬ್ ಚಿಂತನೆಯ ಬಹುಪಾಲು ಈ ನಂಬಿಕೆಯ ಸುತ್ತ ನಡೆದ ಜಗಳ. ಸ್ವಾರಸ್ಯವೆಂದರೆ ಸಾರವಾದವನ್ನು ಬಲವಾಗಿ ವಿರೋಧಿಸಿದವರೇ ಹಲವು ಸಲ ಹಿಂಬಾಗಿಲಿನಿಂದ ಅದನ್ನು ಒಳಕ್ಕೆ ಬಿಟ್ಟುಕೊಂಡಿದ್ದಾರೆ.

ಮಾತು ಮೊದಲು ಎತ್ತಿದ್ದು ಅರಬರಲ್ಲ. 1883ರ ಮಾರ್ಚ್ 29ರಂದು ಪ್ಯಾರಿಸ್‌ನ ಸೊರ್ಬೊನ್‌ನಲ್ಲಿ ಫ್ರೆಂಚ್ ವಿದ್ವಾಂಸ ಅರ್ನೆಸ್ಟ್ ರೆನಾನ್ ‘ಇಸ್ಲಾಂ ಮತ್ತು ವಿಜ್ಞಾನ’ದ ಬಗ್ಗೆ ಉಪನ್ಯಾಸ ಕೊಟ್ಟರು. ಇಸ್ಲಾಮಿಗೂ ವಿಜ್ಞಾನಕ್ಕೂ ಆಗಿಬರುವುದಿಲ್ಲ, ಅರಬ್ ವಿಜ್ಞಾನ ಎಂದು ಕರೆಯುವುದರಲ್ಲಿ ಅರಬರದ್ದೆಂದು ಇರುವುದು ಭಾಷೆ ಮಾತ್ರ ಎಂಬುದು ಅವರ ವಾದ. ಆಗ ಪ್ಯಾರಿಸ್‌ನಲ್ಲೇ ಇದ್ದ ಮುಸ್ಲಿಂ ಸುಧಾರಕ ಜಮಾಲುದ್ದೀನ್ ಅಲ್-ಅಫ್ಘಾನಿ ಮೇ ತಿಂಗಳಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಉತ್ತರ ಬರೆದರು. ಧರ್ಮ ವಿಜ್ಞಾನಕ್ಕೆ ಅಡ್ಡಿಯಾಗಿದ್ದು ನಿಜ ಎಂದು ಅವರು ಒಪ್ಪಿಕೊಂಡರು. ಆದರೆ ಕ್ರೈಸ್ತ ಧರ್ಮವೂ ಅದೇ ಮಾಡಿತ್ತಲ್ಲ, ಅದು ಇಸ್ಲಾಮಿಗಿಂತ ಹಲವು ಶತಮಾನ ಹಿರಿಯದಾದ್ದರಿಂದ ಬೇಗ ದಾಟಿಕೊಂಡಿದೆ ಅಷ್ಟೆ ಎಂದರು. ರೆನಾನ್ ಸ್ವಭಾವದ ಮಾತಾಡಿದರೆ ಅಫ್ಘಾನಿ ಕಾಲದ ಮಾತಾಡಿದರು. ಆ ಎರಡು ದಾರಿಗಳ ಜಗ್ಗಾಟ ಇವತ್ತಿಗೂ ನಿಂತಿಲ್ಲ.

ಆ ಜಗ್ಗಾಟ ಕೆರಳಿದ್ದು 1967ರಲ್ಲಿ. ಜೂನ್ 5ರ ಬೆಳಗ್ಗೆ ಇಸ್ರೇಲಿನ ವಿಮಾನಗಳು ಈಜಿಪ್ಟಿನ ವಾಯುಪಡೆಯನ್ನು ನೆಲದ ಮೇಲೆಯೇ ಸುಟ್ಟುಹಾಕಿದವು. ಅದೇ ಹೊತ್ತಿಗೆ ಕೈರೊ ರೇಡಿಯೊ ಶತ್ರುವಿನ ಎಷ್ಟು ವಿಮಾನಗಳನ್ನು ಉರುಳಿಸಿದೆವೆಂದು ಲೆಕ್ಕ ಹೇಳುತ್ತಿತ್ತು. ಆರು ದಿನಗಳಲ್ಲಿ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗೋಲಾನ್ ಎಲ್ಲವೂ ಅರಬರ ಕೈತಪ್ಪಿದವು. ಈಜಿಪ್ಟಿನ ಅಧ್ಯಕ್ಷ ನಾಸಿರ್ ಕಟ್ಟಿದ್ದ ಅರಬ್ ಸಮಾಜವಾದದ ಕನಸು ಬಿರುಕುಬಿಟ್ಟಿತು. ತಪ್ಪು ಸೈನ್ಯದ್ದೇ, ಸರ್ಕಾರದ್ದೇ, ಅಥವಾ ಇನ್ನೂ ಆಳದಲ್ಲಿ ನಮ್ಮದೇ ಏನೋ ಕೆಟ್ಟಿದೆಯೇ ಎಂದು ಓದುಬರಹ ಬಲ್ಲವರೆಲ್ಲ ಕೇಳಿಕೊಂಡರು.

ದಮಾಸ್ಕಸ್‌ನ ಸಾದಿಕ್ ಜಲಾಲ್ ಅಲ್-ಅಜ್ಮ್ ಅಮೆರಿಕದ ಯೇಲ್‌ನಲ್ಲಿ ಓದಿ ಬಂದವರು, ಕಾಂಟ್‌ನ ತತ್ವಶಾಸ್ತ್ರದಲ್ಲಿ ಪರಿಣತರು. 1968ರಲ್ಲಿ ಅವರು ‘ಸೋಲಿನ ನಂತರದ ಆತ್ಮವಿಮರ್ಶೆ’ ಬರೆದರು. ಸೋಲನ್ನು ವಿಧಿಯ ಮೇಲೆ, ಪಿತೂರಿಯ ಮೇಲೆ, ದೇವರ ಮುನಿಸಿನ ಮೇಲೆ ಹಾಕುವ ಚಾಳಿಗೆ ಅವರು ಚಾಟಿ ಬೀಸಿದರು. ಮರುವರ್ಷದ ‘ಧಾರ್ಮಿಕ ಚಿಂತನೆಯ ವಿಮರ್ಶೆ’ ಅವರನ್ನು ಲೆಬನಾನ್‌ನ ಕೋರ್ಟಿಗೆ ಎಳೆದು ಕೆಲವು ದಿನ ಜೈಲಿನಲ್ಲಿ ಕೂರಿಸಿತು. ಕೊನೆಗೆ ಬಿಡುಗಡೆಯಾಯಿತು. ಇಂಥ ಅಜ್ಮ್ ಕೂಡ ಆತ್ಮವಿಮರ್ಶೆಯ ನಡುವೆ ಒಂದು ಕಡೆ ಕಾಲು ಜಾರಿದರು ಎನ್ನಬೇಕು. ಕೆಲಸಕ್ಕಿಂತ ಚುರುಕುಮಾತಿಗೆ ಹೆಸರಾದ, ಹೊಣೆಯಿಂದ ನುಣುಚಿಕೊಂಡು ಅಡ್ಡದಾರಿ ಹುಡುಕುವ, ಎಲ್ಲಕ್ಕೂ ‘ಆಗಲಿ, ಮಾಡೋಣ’ ಎನ್ನುವ ಒಬ್ಬ ಮನುಷ್ಯನ ಚಿತ್ರವನ್ನು ಈಜಿಪ್ಟಿನ ಸಮಾಜಶಾಸ್ತ್ರಜ್ಞ ಹಾಮಿದ್ ಅಮ್ಮಾರ್ ಬಿಡಿಸಿದ್ದರು. ‘ಫಹ್ಲವಿ’ ವ್ಯಕ್ತಿತ್ವ ಎಂದು ಅದರ ಹೆಸರು. ಅಜ್ಮ್ ಅದನ್ನು ಎತ್ತಿಕೊಂಡು ಸೋಲಿನ ವಿವರಣೆಗೆ ಬಳಸಿದರು. ಸಮಾಜ ಮಾಡಿದ ಅಭ್ಯಾಸ ಎಂದು ಅವರು ಎಚ್ಚರದಿಂದಲೇ ಹೇಳಿದ್ದರೂ, ಓದಿದವರ ಮನಸ್ಸಿನಲ್ಲಿ ಉಳಿಯುವುದು ‘ಅರಬರೆಂದರೆ ಹೀಗೆಯೇ’ ಎಂಬ ಚಿತ್ರ.

ಪ್ರಶ್ನೆಯನ್ನೇ ತಿರಸ್ಕರಿಸಿದವರೂ ಇದ್ದರು. 1974ರ ಏಪ್ರಿಲ್‌ನಲ್ಲಿ ಕುವೈತ್‌ನಲ್ಲಿ ಅರಬ್ ನಾಡಿನ ನಾಗರಿಕತೆಯ ಬೆಳವಣಿಗೆಯ ಬಿಕ್ಕಟ್ಟು ಎಂಬ ವಿಷಯದ ಮೇಲೆ ದೊಡ್ಡ ಸಮ್ಮೇಳನ ನಡೆಯಿತು. ಪರಂಪರೆಯೇ ವರ್ತಮಾನವನ್ನು ಹಿಂದಕ್ಕೆ ಜಗ್ಗುತ್ತಿದೆ ಎಂಬ ಮಾತು ಅಲ್ಲಿ ಜೋರಾಗಿತ್ತು. ಲೆಬನಾನ್‌ನ ಮಾರ್ಕ್ಸ್‌ವಾದಿ ಮಹದಿ ಆಮಿಲ್ ಆ ಸಮ್ಮೇಳನಕ್ಕೆ ಉತ್ತರವಾಗಿ ಒಂದು ಇಡೀ ಪುಸ್ತಕ ಬರೆದರು. ಬಿಕ್ಕಟ್ಟು ಅರಬ್ ನಾಗರಿಕತೆಯದ್ದೇ, ಅರಬ್ ಬೂರ್ಷ್ವಾಗಳದ್ದೇ ಎಂಬುದು ಶೀರ್ಷಿಕೆಯಲ್ಲಿದ್ದ ಪ್ರಶ್ನೆ. ಅವರ ಪ್ರಕಾರ ಭೂತಕಾಲ ತಾನಾಗಿ ಬಂದು ಯಾರ ಹೆಗಲನ್ನೂ ಏರುವುದಿಲ್ಲ. ವಸಾಹತು ಆಳ್ವಿಕೆ ಬಿಟ್ಟುಹೋದ ಆರ್ಥಿಕ ಕಟ್ಟಡ, ಅದರಲ್ಲಿ ಲಾಭ ಪಡೆಯುವ ವರ್ಗ, ಇವು ಆ ಭೂತಕಾಲವನ್ನು ದಿನದಿನವೂ ಹೊಸದಾಗಿ ತಯಾರಿಸುತ್ತವೆ. ಹಸನ್ ಹಮ್ದಾನ್ ಎಂಬುದು ಆಮಿಲ್‌ರ ಜನ್ಮನಾಮ. 1987ರ ಮೇ ತಿಂಗಳಲ್ಲಿ ಬೈರೂತ್‌ನ ಬೀದಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಮೊರಾಕ್ಕೊದ ಇತಿಹಾಸಕಾರ ಅಬ್ದುಲ್ಲಾ ಲರೂಯಿ ಬೇರೆ ಕಡೆಯಿಂದ ಹತ್ತಿರಹತ್ತಿರ ಇದೇ ಜಾಗಕ್ಕೆ ಬಂದಿದ್ದರು. ಪ್ಯಾರಿಸ್‌ನಲ್ಲಿ 1967ರಲ್ಲೇ ಪ್ರಕಟವಾದ ಅವರ ಪುಸ್ತಕದಲ್ಲಿ ಮೂರು ಪಾತ್ರಗಳು ಬರುತ್ತವೆ: ಧರ್ಮದಲ್ಲಿ ಉತ್ತರ ಹುಡುಕುವ ಶೇಖ್, ಸಂವಿಧಾನದಲ್ಲಿ ಹುಡುಕುವ ಉದಾರವಾದಿ ರಾಜಕಾರಣಿ, ಯಂತ್ರದಲ್ಲಿ ಹುಡುಕುವ ತಂತ್ರಜ್ಞಾನಪ್ರೇಮಿ. ಮೂವರೂ ‘ನಾವು ಯಾರು’ ಎಂದು ಕೇಳುವುದು ಪಶ್ಚಿಮದ ಮುಖ ನೋಡಿಕೊಂಡೇ. ಹಾಗಾಗಿ ಅಪ್ಪಟ ಅರಬತನದ ಹುಡುಕಾಟದಲ್ಲೂ ಯುರೋಪ್ ಆಗಲೇ ಕುಳಿತಿರುತ್ತದೆ ಎಂಬುದು ಲರೂಯಿ ಅವರ ಮಾತಿನ ಇರಿತ.

ಈ ಎಲ್ಲ ಮಾತುಕತೆಯ ಮೇಲೆ ಜಾಬಿರಿ ಅವರ ಪುಸ್ತಕ ಬಂತು. ಅಲ್ಜೀರಿಯಾ ಗಡಿಯ ಫಿಗೀಗ್ ಎಂಬ ಓಯಸಿಸ್ ಊರಿನಲ್ಲಿ 1935ರಲ್ಲಿ ಹುಟ್ಟಿದ ಜಾಬಿರಿ ಎಡಪಂಥದ ರಾಜಕೀಯದಲ್ಲಿ ಪಳಗಿದವರು, ರಬಾತ್‌ನಲ್ಲಿ ಮೇಷ್ಟರಾಗಿದ್ದವರು. ‘ಅರಬ್ ಬುದ್ಧಿಯ ವಿಮರ್ಶೆ’ ಎಂಬ ಅವರ ಸರಣಿ 2001ರವರೆಗೆ ನಾಲ್ಕು ಸಂಪುಟಗಳಾಗಿ ಬೆಳೆಯಿತು. ಬುದ್ಧಿ ಎಂದರೆ ರಕ್ತದಲ್ಲಿ ಬಂದದ್ದಲ್ಲ, ಒಂದು ಸಂಸ್ಕೃತಿ ತನ್ನವರಿಗೆ ಯೋಚಿಸಲು ಕೊಟ್ಟ ಸಲಕರಣೆ ಎಂದು ಅವರು ಮೊದಲೇ ಸ್ಪಷ್ಟಪಡಿಸುತ್ತಾರೆ. ಈ ಸಲಕರಣೆ ಮೂರು ಬಗೆ. ‘ಬಯಾನ್’ ಎಂಬುದು ಮಾತು ಮತ್ತು ಪಠ್ಯವನ್ನು ನೆಚ್ಚಿದ್ದು. ವ್ಯಾಕರಣ, ಧರ್ಮಶಾಸ್ತ್ರಗಳೆಲ್ಲ ಅಲ್ಲಿ. ‘ಇರ್ಫಾನ್’ ಒಳಗಣ್ಣಿನ ಅರಿವನ್ನು ನೆಚ್ಚಿದ್ದು. ಸೂಫಿಗಳು, ಶಿಯಾ ಚಿಂತಕರು ಅಲ್ಲಿ. ‘ಬುರ್ಹಾನ್’ ಅರಿಸ್ಟಾಟಲನ ತರ್ಕದಂತೆ ಸಾಬೀತು ಕೇಳುವುದು.

ಈ ಮೂರೂ ಗಟ್ಟಿಯಾದದ್ದು ಎಂಟನೆಯ ಶತಮಾನದ ನಡುವಿನಿಂದ ಮುಂದಕ್ಕೆ, ಅದುವರೆಗೆ ಬಾಯಿಂದ ಬಾಯಿಗೆ ಬಂದದ್ದನ್ನೆಲ್ಲ ಪುಸ್ತಕಕ್ಕೆ ಇಳಿಸಿದ ‘ದಾಖಲಾತಿಯ ಯುಗ’ದಲ್ಲಿ ಎನ್ನುತ್ತಾರೆ ಜಾಬಿರಿ. ಇಲ್ಲಿ ಅವರ ಅತ್ಯಂತ ಆಕರ್ಷಕ ವಾದ ಬರುತ್ತದೆ. ಆ ಕಾಲದ ನಿಘಂಟುಕಾರರು ಶುದ್ಧ ಅರಬ್ಬಿಗಾಗಿ ಊರು ಬಿಟ್ಟು ಮರುಭೂಮಿಗೆ ಹೋದರು. ಪೇಟೆಯ ಜನ ನಾನಾ ದೇಶದವರೊಂದಿಗೆ ಬೆರೆತು ಮಾತು ಕೆಡಿಸಿಕೊಂಡಿದ್ದಾರೆ, ಒಂಟೆ ಮೇಯಿಸುವ ಬದವಿಯ ನಾಲಿಗೆ ಮಾತ್ರ ಕೆಟ್ಟಿಲ್ಲ ಎಂಬುದು ಅವರ ನಂಬಿಕೆ. ಹೀಗೆ ಬಾಗ್ದಾದ್, ಬಸ್ರಾಗಳಂಥ ಮಹಾನಗರಗಳ ಪಂಡಿತರು ಕೂಡಿಟ್ಟ ನಿಘಂಟಿನಲ್ಲಿ ಒಂಟೆಗೂ ಮರಳಿಗೂ ಲೆಕ್ಕವಿಲ್ಲದಷ್ಟು ಶಬ್ದಗಳು ಸೇರಿದವು. ಅದೇ ನಗರಗಳ ಬಾಳಿಗೆ ಬೇಕಾದವು ಹೊರಗೇ ಉಳಿದವು. ಅರಬ್ ಲೋಕವನ್ನು ಕಟ್ಟಿದವನು ಆ ಬದವಿಯೇ ಎಂದು ಜಾಬಿರಿ ಒಂದು ಅಧ್ಯಾಯಕ್ಕೆ ಹೆಸರಿಟ್ಟಿದ್ದಾರೆ. ಒಪ್ಪದವರಿಗೂ ಓದಿದ ಮೇಲೆ ಮರೆಯಲಾಗದ ಅಧ್ಯಾಯ ಅದು.

ಮುಂದಿನ ಹೆಜ್ಜೆಯಲ್ಲಿ ಅವರು ಭೂಪಟದ ಮೇಲೆ ಗೆರೆ ಎಳೆದರು. ಪೂರ್ವದಲ್ಲಿ, ಬುಖಾರಾ ಹತ್ತಿರ ಹುಟ್ಟಿದ ಇಬ್ನ್ ಸೀನಾ ಅವರ ಕೈಯಲ್ಲಿ ತತ್ವಶಾಸ್ತ್ರ ಅನುಭಾವದ ಮಂಜಿಗೆ ಹೋಯಿತು. ಪಶ್ಚಿಮದಲ್ಲಿ, ಅಂದರೆ ಆಂಡಲೂಸಿಯಾ ಮತ್ತು ಮೊರಾಕ್ಕೊದಲ್ಲಿ, ಇಬ್ನ್ ರುಷ್ದ್ (1126-1198) ಅದನ್ನು ತರ್ಕದ ಬೆಳಕಿಗೆ ಎಳೆತಂದರು. ಅರಬರು ಮುಂದೆ ಹೋಗಬೇಕಾದರೆ ಇಬ್ನ್ ರುಷ್ದರನ್ನು ಹಿಡಿದುಕೊಳ್ಳಬೇಕು. ಪೂರ್ವದಲ್ಲಿ ಬುದ್ಧಿ ರಾಜೀನಾಮೆ ಕೊಟ್ಟದ್ದಕ್ಕೆ ಕಾರಣ ಹೊರಗಿನಿಂದ ನುಸುಳಿದ ಹರ್ಮೆಸ್‌ಪಂಥದ ಗುಪ್ತಜ್ಞಾನ, ಪರ್ಷಿಯಾದ ಹಳೆಯ ನಂಬಿಕೆಗಳು ಎಂಬುದು ಅವರ ವಾದ.

ತರಾಬಿಷಿ ಹಿಡಿದದ್ದು ಇದನ್ನೇ. ಬುದ್ಧಿ ರಕ್ತದಲ್ಲಿಲ್ಲ ಎನ್ನುತ್ತೀರಿ, ಸರಿ. ಆದರೆ ಎಂಟನೆಯ ಶತಮಾನದಲ್ಲಿ ಅಚ್ಚಾದದ್ದು ಇಪ್ಪತ್ತನೆಯ ಶತಮಾನದವರೆಗೆ ಅಲುಗಾಡದೆ ಇದೆ ಎಂದಾದರೆ, ಅದು ರಕ್ತವಾದರೇನು, ನಿಘಂಟಾದರೇನು? ಪೂರ್ವಕ್ಕೆ ಅನುಭಾವ, ಪಶ್ಚಿಮಕ್ಕೆ ತರ್ಕ ಎಂದು ಹಂಚುವುದು ಯುರೋಪಿನವರು ಅರಬರಿಗೆ ಮಾಡಿದ್ದನ್ನೇ ಅರಬರು ಅರಬರಿಗೆ ಮಾಡಿದಂತಾಗಲಿಲ್ಲವೇ? ಮೂರನೆಯ ಸಂಪುಟಕ್ಕೆ ಅವರು ಇಟ್ಟ ಹೆಸರೇ ‘ಅರಬ್-ಇಸ್ಲಾಮಿ ಬುದ್ಧಿಯ ಏಕತೆ’. ನಾಲ್ಕನೆಯದರಲ್ಲಿ, ಬುದ್ಧಿ ಕುಗ್ಗಿದ್ದಕ್ಕೆ ಹೊರಗಿನ ಸೋಂಕನ್ನು ದೂರಿ ಪ್ರಯೋಜನವಿಲ್ಲ, ಕಾರಣಗಳು ಮನೆಯೊಳಗೇ ಇವೆ ಎಂದು ವಾದಿಸಿದರು. ಐದನೆಯ ಸಂಪುಟ ಆ ಕಾರಣವನ್ನು ಹೆಸರಿಸುತ್ತದೆ: ಕುರಾನಿನ ಜಾಗವನ್ನು ಹದೀಸ್ ಸಂಗ್ರಹಗಳು, ಅಂದರೆ ಪ್ರವಾದಿಯ ನಡೆನುಡಿಗಳ ವರದಿಗಳು, ನಿಧಾನಕ್ಕೆ ಆವರಿಸಿಕೊಂಡ ಚರಿತ್ರೆ.

ಇಬ್ನ್ ರುಷ್ದರ ನಂತರ ಅರಬರಲ್ಲಿ ತತ್ವಶಾಸ್ತ್ರ ಸತ್ತಿತು ಎಂಬ ಮಾತನ್ನು ಯುರೋಪಿನಲ್ಲಿ ಹಬ್ಬಿಸಿದವರಲ್ಲಿ ಮುಖ್ಯರು ಅದೇ ರೆನಾನ್, 1852ರ ತಮ್ಮ ಪುಸ್ತಕದಲ್ಲಿ. ಪೂರ್ವದಲ್ಲಿ ಚಿಂತನೆ ಮುಂದುವರಿದಿತ್ತು. ಹದಿನೇಳನೆಯ ಶತಮಾನದಲ್ಲಿ ಶೀರಾಜ್‌ನ ಮುಲ್ಲಾ ಸದ್ರಾ ದೊಡ್ಡ ದೊಡ್ಡ ಗ್ರಂಥಗಳನ್ನು ಬರೆದರು, ಅದೂ ಅರಬ್ಬಿಯಲ್ಲೇ. ರೆನಾನ್‌ಗೆ ಉತ್ತರ ಕೊಡಲು ಹೊರಟ ಪರಂಪರೆಯೊಂದು ನೂರು ವರ್ಷದ ಮೇಲೆ ರೆನಾನ್ ಎಳೆದ ಗೆರೆಯ ಹತ್ತಿರವೇ ಬಂದು ನಿಂತಿತಲ್ಲ ಎಂಬುದು ಜಾಬಿರಿ ಅಭಿಮಾನಿಗಳನ್ನು ಇರುಸುಮುರುಸಿಗೆ ಈಡುಮಾಡುವ ಸಂಗತಿ. ಆದರೂ ಜಾಬಿರಿ ಅವರನ್ನು ಇಷ್ಟಕ್ಕೇ ಬದಿಗೆ ಸರಿಸುವುದು ಅನ್ಯಾಯ. ಪರಂಪರೆಯನ್ನು ಮೌಲ್ವಿಗಳಿಗೆ ಬಿಟ್ಟುಕೊಡದೆ ಕಾಲೇಜು ಹುಡುಗರ ಕೈಗೆ ಕೊಟ್ಟವರು ಅವರು. ತರಾಬಿಷಿ ಅಷ್ಟೊಂದು ಹಳೆಯ ಗ್ರಂಥಗಳನ್ನು ಓದಬೇಕಾಗಿ ಬಂದದ್ದೂ ಅವರಿಂದಲೇ.

ಈ ಹೊತ್ತಿಗೆ ಅಜ್ಮ್ ಇನ್ನೊಂದು ಕಡೆ ಬಾಣ ಹೂಡಿದ್ದರು. ಪ್ಯಾಲೆಸ್ಟೀನ್ ಮೂಲದ ವಿಮರ್ಶಕ ಎಡ್ವರ್ಡ್ ಸಯೀದ್ ಅವರ ‘ಓರಿಯಂಟಲಿಸಂ’ ಬಂದದ್ದು 1978ರಲ್ಲಿ. ಪಶ್ಚಿಮದ ವಿದ್ವಾಂಸರು ಪೂರ್ವವೆಂಬ ಒಂದು ಕಲ್ಪಿತ, ಜಡ ಲೋಕವನ್ನು ಹೇಗೆ ಕಟ್ಟಿದರು ಎಂದು ಅದು ತೋರಿಸಿತು. 1981ರಲ್ಲಿ ಅಜ್ಮ್ ಬರೆದ ಲೇಖನ ಎರಡು ತಕರಾರು ಎತ್ತಿತು. ಒಂದು, ಈ ಚಾಳಿಯನ್ನು ಹೋಮರ್, ಈಸ್ಕಿಲಸ್, ದಾಂತೆಯವರೆಗೆ ಎಳೆಯುವ ಸಯೀದ್ ಪಶ್ಚಿಮಕ್ಕೇ ಬದಲಾಗದ ತಿರುಳೊಂದನ್ನು ಅಂಟಿಸುತ್ತಿದ್ದಾರೆ. ಎರಡನೆಯದು ಹೆಚ್ಚು ಮೊನಚು. 1979ರ ಇರಾನ್ ಕ್ರಾಂತಿಯ ನಂತರ ನಿನ್ನೆಯವರೆಗೆ ವರ್ಗಸಂಘರ್ಷ ಮಾತಾಡುತ್ತಿದ್ದ ಹಲವು ಅರಬ್ ಬುದ್ಧಿಜೀವಿಗಳು, ನಮ್ಮ ಜನ ಓಗೊಡುವುದು ಇಸ್ಲಾಮಿಗೆ ಮಾತ್ರ, ಉಳಿದುದೆಲ್ಲ ಆಮದು ಸರಕು ಎನ್ನತೊಡಗಿದ್ದರು. ಕವಿ ಅದೋನಿಸ್ ಕೂಡ ಅಜ್ಮ್ ಅವರ ಟೀಕೆಗೆ ಗುರಿಯಾದರು. ಓರಿಯಂಟಲಿಸ್ಟರು ‘ಪೂರ್ವದವರು ನಮ್ಮಂತಲ್ಲ, ಅದಕ್ಕೇ ಕೀಳು’ ಎಂದರೆ ಇವರು ‘ನಾವು ಅವರಂತಲ್ಲ, ಅದಕ್ಕೇ ಮೇಲು’ ಎಂದರು. ಕೋಟನ್ನು ಒಳಹೊರಗು ತಿರುಗಿಸಿ ತೊಟ್ಟರೂ ಕೋಟು ಅದೇ. ಇದಕ್ಕೆ ಅಜ್ಮ್ ಇಟ್ಟ ಹೆಸರು ‘ತಿರುಗುಮುರುಗಾದ ಓರಿಯಂಟಲಿಸಂ’. ಕೈರೊದ ತತ್ವಶಾಸ್ತ್ರಜ್ಞ ಹಸನ್ ಹನಫಿ 1991ರಲ್ಲಿ ಪಶ್ಚಿಮವನ್ನೇ ಅಧ್ಯಯನದ ವಸ್ತುವನ್ನಾಗಿಸುವ ಒಂದು ಹೊಸ ಶಾಸ್ತ್ರಕ್ಕೆ ದಪ್ಪ ಪೀಠಿಕೆ ಬರೆದಾಗಲೂ ಇದೇ ಆಕ್ಷೇಪ ಎದ್ದಿತು.

ಪುಸ್ತಕದ ಜಗಳ ಪುಸ್ತಕದಲ್ಲೇ ಉಳಿಯುವುದಿಲ್ಲ. ಮಾನವಶಾಸ್ತ್ರಜ್ಞ ರಾಫೇಲ್ ಪತಾಯಿ 1973ರಲ್ಲಿ ಬರೆದ ‘ದಿ ಅರಬ್ ಮೈಂಡ್’ ಅರಬರಿಗೆ ಒಂದು ಸಿದ್ಧ ಮನಸ್ಸನ್ನು ಹಂಚಿತ್ತು: ನಾಚಿಕೆ, ಮಾನ, ಬಲಕ್ಕೆ ತಲೆಬಾಗುವುದು ಇತ್ಯಾದಿ. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಬೀಳುವ ಮುನ್ನ ವಾಷಿಂಗ್ಟನ್ನಿನ ಯುದ್ಧಪರ ವಲಯದಲ್ಲಿ ಆ ಪುಸ್ತಕ ಚಾಲ್ತಿಯಲ್ಲಿತ್ತು ಎಂದು ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರ ಚಿತ್ರಹಿಂಸೆ ಬಯಲಾದ 2004ರಲ್ಲಿ ಪತ್ರಕರ್ತ ಸೀಮೋರ್ ಹರ್ಷ್ ವರದಿ ಮಾಡಿದರು. ಇತ್ತ ಈಜಿಪ್ಟಿನಲ್ಲಿ, ಕುರಾನನ್ನು ತನ್ನ ಕಾಲದ ಭಾಷೆ ಮತ್ತು ಸಂಸ್ಕೃತಿಯ ಹಿನ್ನೆಲೆಯಲ್ಲಿ ಓದಬೇಕೆಂದ ಪ್ರಾಧ್ಯಾಪಕ ನಸ್ರ್ ಹಾಮಿದ್ ಅಬು ಜೈದ್ ಧರ್ಮಭ್ರಷ್ಟ ಎಂದು 1995ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಧರ್ಮಭ್ರಷ್ಟನಿಗೆ ಮುಸ್ಲಿಂ ಹೆಂಡತಿ ಇರಕೂಡದೆಂದು ಅವರ ಮದುವೆಯನ್ನೂ ರದ್ದುಮಾಡಿತು. ಗಂಡಹೆಂಡತಿ ಇಬ್ಬರೂ ನೆದರ್ಲೆಂಡ್ಸ್‌ನ ಲೈಡನ್ ಸೇರಿಕೊಂಡರು.

ಮೊರಾಕ್ಕೊದ ಫೆಸ್ ನಗರದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸಿ ಹೆಚ್ಚು ಸಿದ್ಧಾಂತ ಹೇಳದೆ ಕೆಲಸ ಮಾಡಿ ತೋರಿಸಿದವರು. ಹೆಂಗಸಿಗೆ ಅಧಿಕಾರ ಕೊಟ್ಟ ಜನ ಏಳಿಗೆ ಹೊಂದುವುದಿಲ್ಲ ಎಂಬರ್ಥದ ಒಂದು ಹದೀಸ್ ಮುಸ್ಲಿಂ ಸಮಾಜಗಳಲ್ಲಿ ಕೊನೆಯ ಮಾತಿನಂತೆ ಓಡಾಡುತ್ತದೆ. 1987ರ ಪುಸ್ತಕದಲ್ಲಿ ಮೆರ್ನಿಸಿ ಕೇಳಿದ್ದು ಪತ್ತೇದಾರಿ ಪ್ರಶ್ನೆಗಳನ್ನು: ಇದನ್ನು ಹೇಳಿದವರು ಯಾರು, ಯಾವಾಗ, ಯಾಕೆ? ಹೇಳಿದವನು ಅಬು ಬಕ್ರಾ ಎಂಬ ಪ್ರವಾದಿಯ ಸಹಚರ. ಆತನಿಗೆ ಅದು ನೆನಪಾದದ್ದು ಪ್ರವಾದಿ ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 656ರಲ್ಲಿ ಪ್ರವಾದಿಯ ಪತ್ನಿ ಆಯಿಷಾ ಮುಂದೆ ನಿಂತು ನಡೆಸಿದ ಕಾಳಗದಲ್ಲಿ ಸೋತ ಸಂದರ್ಭದಲ್ಲಿ. ಗೆದ್ದವರ ಎದುರು ತಾನು ಕಾಳಗದಿಂದ ದೂರ ಉಳಿದದ್ದಕ್ಕೆ ಆತನಿಗೊಂದು ಸಮಜಾಯಿಷಿ ಬೇಕಿತ್ತು. ಸನಾತನ ಎಂದುಕೊಂಡಿದ್ದಕ್ಕೆ ತಾರೀಖು, ಊರು, ಸ್ವಾರ್ಥ ಎಲ್ಲವೂ ಸಿಕ್ಕಿಬಿಟ್ಟವು. ಮೊರಾಕ್ಕೊದಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಸಾರವಾದಕ್ಕೆ ಇದಕ್ಕಿಂತ ಒಳ್ಳೆಯ ಮದ್ದನ್ನು ಆ ದೊಡ್ಡ ದೊಡ್ಡ ಸಂಪುಟಗಳು ಕೊಟ್ಟಿಲ್ಲ ಎಂದೇ ತೋರುತ್ತದೆ.

ಅರಬ್ ಗುರುತು ಎನ್ನುವಾಗ ಅದರೊಳಗೆ ಯಾರು ಯಾರು ಎಂಬ ಪ್ರಶ್ನೆ ಬೇರೆಯೇ ಇದೆ. ಕುರ್ದರು, ಕಾಪ್ಟಿಕ್ ಕ್ರೈಸ್ತರು, ನೂಬಿಯನ್ನರು, ಉತ್ತರ ಆಫ್ರಿಕಾದ ಅಮಾಜಿಗ್ ಜನ. ಜಾಬಿರಿ ಸ್ವತಃ ಅಮಾಜಿಗ್ ಮೂಲದವರು. ಆದರೆ 1970ರ ದಶಕದಲ್ಲಿ ಮೊರಾಕ್ಕೊದ ಶಾಲೆ, ರೇಡಿಯೊ, ಟೀವಿ ಎಲ್ಲವೂ ಶುದ್ಧ ಅರಬ್ಬಿಗೇ ಸಲ್ಲಬೇಕು, ಸ್ಥಳೀಯ ನುಡಿಗಳು ಹಿಂದೆ ಸರಿಯಬೇಕು ಎಂದು ವಾದಿಸಿದವರು. ಫ್ರೆಂಚರ ಆಳ್ವಿಕೆಯಿಂದ ಹೊರಬಂದ ದೇಶವನ್ನು ಒಂದುಗೂಡಿಸುವ ಆತುರ ಅದರ ಹಿಂದಿತ್ತು. ಅಮಾಜಿಗ್ ಕಾರ್ಯಕರ್ತರು ಆ ಮಾತನ್ನು ಇನ್ನೂ ಮರೆತಿಲ್ಲ. ಅದೇ ದೇಶದ ಬರಹಗಾರ ಅಬ್ದುಲ್ ಕಬೀರ್ ಖತೀಬಿ 1983ರ ಪುಸ್ತಕದಲ್ಲಿ ಬಹುವಚನದ ಮಗ್ರಿಬ್ (ಉತ್ತರ ಆಫ್ರಿಕಾದ ಅರಬ್ ನಾಡುಗಳು) ಎಂಬ ಕಲ್ಪನೆ ಮುಂದಿಟ್ಟರು. ಪಶ್ಚಿಮವನ್ನೂ ನಮ್ಮ ಪರಂಪರೆಯನ್ನೂ ಒಟ್ಟೊಟ್ಟಿಗೆ ಪ್ರಶ್ನಿಸುವ ‘ಇಮ್ಮಡಿ ವಿಮರ್ಶೆ’ ಬೇಕು ಎಂದರು. ಆಗ ಅದು ಕೇಳಿಸಿದ್ದು ಸಾಹಿತ್ಯದ ಕೆಲವೇ ಮಂದಿಗೆ.

ಜಾಬಿರಿ 2010ರ ಮೇ ತಿಂಗಳಲ್ಲಿ ಕಾಸಾಬ್ಲಾಂಕಾದಲ್ಲಿ ತೀರಿಕೊಂಡರು. ಮರುವರ್ಷ ಅರಬ್ ಬೀದಿಗಳು ಎದ್ದವು, ಮೊರಾಕ್ಕೊದ ರಾಜ ಹೊಸ ಸಂವಿಧಾನ ಕೊಟ್ಟರು. ಅದರಲ್ಲಿ ಅಮಾಜಿಗ್ ಅಧಿಕೃತ ಭಾಷೆಯಾಯಿತು. ದೇಶದ ಗುರುತನ್ನು ಹೇಳುವ ಪೀಠಿಕೆಯಲ್ಲಿ ಅರಬ್-ಇಸ್ಲಾಮಿ, ಅಮಾಜಿಗ್, ಸಹಾರಾದ ಹಸ್ಸಾನಿ ಎಂಬ ಮೂರು ಘಟಕಗಳೂ ಆಫ್ರಿಕನ್, ಆಂಡಲೂಸಿಯನ್, ಹೀಬ್ರೂ, ಮೆಡಿಟರೇನಿಯನ್ ಎಂಬ ನಾಲ್ಕು ಉಪನದಿಗಳೂ ಸೇರಿದವು. ಒಂದರ ಜಾಗದಲ್ಲಿ ಏಳು ತಿರುಳುಗಳನ್ನು ಜೋಡಿಸಿಟ್ಟರೆ ಸಾರವಾದ ಹೋದಂತಾಯಿತೇ ಎಂದು ಕೊಂಕು ತೆಗೆಯಬಹುದು. ಅಮಾಜಿಗ್ ಮಕ್ಕಳಿಗೆ ಮಾತ್ರ ವಿಷಯ ಅಷ್ಟು ಸೂಕ್ಷ್ಮವಾಗಿರಲಿಲ್ಲ. ಆ ಭಾಷೆಯನ್ನು ಶಾಲೆಯಲ್ಲಿ, ಕಚೇರಿಯಲ್ಲಿ ಹೇಗೆ ಜಾರಿಗೆ ತರಬೇಕೆಂದು ಹೇಳುವ ಕಾನೂನು ಬರಲು ಇನ್ನೂ ಎಂಟು ವರ್ಷ, 2019ರವರೆಗೆ, ಕಾಯಬೇಕಾಯಿತು.